ಕ್ಲಚ್ ಬಿಡು

ನನ್ನ ಹಳೆಯ ಡೀಸೆಲ್ ಕಾರಿನ ಸೆಲ್ಫ್ ಕೆಟ್ಟು ನಾಲ್ಕು ವರ್ಷವಾಗಿತ್ತು. ಸೆಲ್ಫ್ ಅಂದರೆ ಕೀಲಿ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಸಣ್ಣ ಮೋಟಾರು. ಅದು ಕೆಟ್ಟ ಕಾರನ್ನು ಯಾರಾದರೂ ಹಿಂದಿನಿಂದ ನೂಕಬೇಕು, ಇಲ್ಲವೇ ಇಳಿಜಾರಿನಲ್ಲಿ ನಿಲ್ಲಿಸಿರಬೇಕು. ಹೊಳಲ್ಕೆರೆಯ ನಮ್ಮ ಓಣಿ ಸಮತಟ್ಟು. ಓಣಿಯ ತುದಿಯಲ್ಲಿ ಇಳಿಜಾರೇನೋ ಇದೆ, ಆದರೆ ಅಲ್ಲಿ ಟ್ರಾನ್ಸ್‌ಫಾರ್ಮರ್ ನಿಂತಿದೆ; ಅದರ ಕೆಳಗೆ ಕಾರು ಬಿಡಲು ನಮ್ಮ ಮನೆಯಾಕೆ ಒಪ್ಪಲಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಎಂಟೂವರೆಗೆ ನನ್ನ ಮನೆಯ ಬಾಗಿಲಿನಿಂದ ಆ ತುದಿಯವರೆಗೆ ಕಾರನ್ನು ಅಣ್ಣ ನೂಕುತ್ತಿದ್ದ. ಅಣ್ಣನಿಗೂ ನನಗೂ ಮಾತಿರಲಿಲ್ಲ.

ಮಾತಿರಲಿಲ್ಲ ಅಂದರೆ ಜಗಳವಿತ್ತು ಅಂತಲ್ಲ. ಜಗಳವಾಡುವುದಕ್ಕೂ ಮಾತು ಬೇಕು. ನಮ್ಮ ಕಡೆ ಮಾತು ಬಿಡುವುದಕ್ಕೆ ಅದರದೇ ಕಟ್ಟಳೆಗಳಿವೆ. ಮಾತು ಬಿಟ್ಟವರ ಮನೆಯ ಸಾವಿಗೆ ಹೋಗಬಹುದು, ಊಟಕ್ಕೆ ಕೂರುವಂತಿಲ್ಲ. ಆಸ್ಪತ್ರೆಗೆ ಸೇರಿದರೆ ಹೋಗಿ ನೋಡಬಹುದು, ಹೇಗಿದ್ದೀಯ ಎಂದು ಕೇಳುವಂತಿಲ್ಲ. ಹೆಂಗಸರಿಗೆ ಇದು ಅನ್ವಯಿಸುವುದಿಲ್ಲ. ನಮ್ಮ ಮನೆಯಾಕೆಯೂ ಅತ್ತಿಗೆಯೂ ನಡುಗೋಡೆಯ ಮೇಲೆ ಸಾರಿನ ಬಟ್ಟಲು ದಾಟಿಸುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಅಣ್ಣನ ಮನೆಯ ಸಾರನ್ನು ನಾನು ಎಂಟು ವರ್ಷ ಉಂಡಿದ್ದೇನೆ. ಯಾರ ಮನೆಯದು ಎಂದು ಕೇಳದಿದ್ದರೆ ಆಯಿತು. ಇನ್ನು ತೀರಾ ಹೇಳಲೇಬೇಕಾದದ್ದಿದ್ದರೆ ಗೋಡೆಗೋ ದನಕ್ಕೋ ಹೇಳಬೇಕು, ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ದನ ಇರಲಿಲ್ಲ. ಕಾರಿತ್ತು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ಹೊಳಲ್ಕೆರೆಯ ಅರ್ಧ ಜನ ಅವನ ಸೀಟಿಗೆ ಹೆದರಿ ಎಡಗಾಲು ಬಲಗಾಲು ಕಲಿತವರು. ನಾನು ಹೊಸದುರ್ಗದ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ಜನ ನನ್ನನ್ನು ಡಾಕ್ಟ್ರೇ ಎನ್ನುತ್ತಾರೆ, ನಾನು ಡಾಕ್ಟರಲ್ಲ. ತಿದ್ದಿ ತಿದ್ದಿ ಸಾಕಾಗಿ ಈಗ ಓಗೊಡುತ್ತೇನೆ.

ಮಾತು ಬಿಟ್ಟದ್ದು ಮಗಳ ಮದುವೆಯ ಕಾರ್ಡಿನಿಂದ. ಕಾರ್ಡಿನ ಕೆಳಗೆ, ತಮ್ಮ ಸುಖಾಗಮನವನ್ನು ಬಯಸುವವರು ಎಂದು ಒಂದು ಪಟ್ಟಿ ಇರುತ್ತದಲ್ಲ, ಅದರಲ್ಲಿ ಮೊದಲನೆಯ ಹೆಸರು ಮನೆಯ ಹಿರಿಯನದು, ಅಂದರೆ ಅಣ್ಣನದು ಇರಬೇಕಿತ್ತು. ಪ್ರೆಸ್ಸಿನವನು ಆ ಸಾಲನ್ನೇ ನುಂಗಿದ. ಕರಡು ನೋಡಿದವನು ನಾನೇ. ಮುಹೂರ್ತ ಸರಿಯಿದೆಯೇ, ಊಟದ ಹೊತ್ತು ಸರಿಯಿದೆಯೇ ಎಂದು ನೋಡಿ ಸಹಿ ಹಾಕಿದ್ದೆ. ಅಚ್ಚಾಗಿ ಬಂದ ಕಾರ್ಡಿನಲ್ಲಿ ನನ್ನ ಭಾಮೈದನ ಹೆಸರಿತ್ತು, ಅವನ ಒಂದು ವರ್ಷದ ಮಗುವಿನ ಹೆಸರಿತ್ತು, ಕೆಳಗೆ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರಿತ್ತು. ಅಣ್ಣನ ಹೆಸರಿರಲಿಲ್ಲ.

ಅದನ್ನಾದರೂ ಸಹಿಸುತ್ತಿದ್ದನೇನೋ. ನಾನು ಮಾಡಿದ ದೊಡ್ಡ ತಪ್ಪು ಬೇರೆ. ಗಂಡ ಹೆಂಡತಿ ಇಬ್ಬರೂ ಹೋಗಿ, ಕುಂಕುಮ ಇಟ್ಟು, ಎರಡೂ ಕೈಯಿಂದ ಕಾರ್ಡು ಕೊಟ್ಟು ಕರೆಯಬೇಕು. ನಾನು ಪಕ್ಕದ ಮನೆ ತಾನೇ, ಮನೆಯವರಿಗೆ ಎಂಥ ಕಾರ್ಡು ಅಂದುಕೊಂಡು ಕೆಲಸದ ಆತುರದಲ್ಲಿ ಅವನ ಜಗಲಿಯ ಮೇಲೆ, ಪೇಪರಿನ ಕೆಳಗೆ ಇಟ್ಟು ಹೋದೆ. ಸಂಜೆ ಬರುವಷ್ಟರಲ್ಲಿ ಅವನು ಓದಿಯಾಗಿತ್ತು. ಮದುವೆಗೆ ಅತ್ತಿಗೆ ಬಂದರು, ಅವನು ಬರಲಿಲ್ಲ. ಅಕ್ಷತೆ ಬೀಳುವಾಗಲೂ ಮಗಳು ಛತ್ರದ ಬಾಗಿಲನ್ನೇ ನೋಡುತ್ತಿದ್ದಳು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಪ್ರೆಸ್ಸಿಗೆ ಹೋಗಿ ಕೂಗಾಡಿದೆ. ಅವನು ಪಾಪ, ಮದುವೆಯ ಹಿಂದಿನ ದಿನ ಹೆಸರು ಸೇರಿಸಿ ಒಂದು ಕಟ್ಟು ಕಾರ್ಡು ಬೇರೆ ಹಾಕಿಕೊಟ್ಟ. ಅದರಲ್ಲಿ ಅಣ್ಣನ ಹೆಸರು ಎಲ್ಲಕ್ಕಿಂತ ಮೇಲೆ, ಉಳಿದವರಿಗಿಂತ ಒಂದು ಸುತ್ತು ದಪ್ಪಕ್ಷರದಲ್ಲಿತ್ತು. ಕೊಡಬೇಕೆಂದರೆ ಮಾತಾಡಬೇಕಿತ್ತು, ಮಾತು ಅಷ್ಟರಲ್ಲಿ ಬಿಟ್ಟಾಗಿತ್ತು. ಒಂದಕ್ಕೆ ಅರಿಶಿನ ಹಚ್ಚಿ ಕಟ್ಟಿನ ಮೇಲಿಟ್ಟು, ಇಡೀ ಕಟ್ಟನ್ನು ಕಾರಿನ ಡ್ಯಾಷ್‌ಬೋರ್ಡಿನ ಡಬ್ಬಿಗೆ ಹಾಕಿದೆ. ಹೊತ್ತು ನೋಡಿ ಕೊಡೋಣ ಅಂದುಕೊಂಡೆ.

ಅದಾಗಿ ನಾಲ್ಕು ವರ್ಷಕ್ಕೆ ಸೆಲ್ಫ್ ಕೆಟ್ಟಿತು. ಮೊದಲ ದಿನ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಎಂದಿತು, ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ. ನಮ್ಮ ಮನೆಯಾಕೆ ಸೆರಗು ಸಿಕ್ಕಿಸಿ ನೂಕಲು ನಿಂತಳು. ಕಾರು ಒಂದು ಗೇಣು ಮುಂದೆ ಹೋಗಿ ನಿಂತಿತು. ಆಗ ಅಣ್ಣ ಹೆಗಲಿನ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಹೊರಗೆ ಬಂದ. ಅವಳಿಗೆ ಪಕ್ಕಕ್ಕೆ ಸರಿ ಎಂದು ಕೈ ಮಾಡಿದ. ಹಿಂದಿನ ಗಾಜಿನ ಮೇಲೆ ಅಂಗೈ ಊರಿ ಕಾರಿಗೆ ಹೇಳಿದ:

“ಏನಪ್ಪಾ, ನಿನ್ನ ಮಾಡ್ದೋನಿಗೆ ಬುದ್ಧಿ ಇಲ್ಲ, ಬ್ಯಾಡ ಬಿಡು. ಇಟ್ಕಂಡೋನಿಗೂ ಇಲ್ವಾ?”

ನಾನು ಸ್ಟಿಯರಿಂಗಿಗೆ ಹೇಳಿದೆ: “ಬ್ಯಾಟ್ರಿ ಹೊಸದೇ ಐತೆ.”

“ಎರಡನೇ ಗೇರಿಗೆ ಬೀಳು. ಕ್ಲಚ್ ತುಳ್ಕಂಡಿರು. ನಾನು ಅಂದಾಗ ಬಿಡು,” ಎಂದ, ಕಾರಿಗೆ.

ಕಾರು ತನ್ನ ಕ್ಲಚ್ಚನ್ನು ತಾನೇ ತುಳಿಯಲಾರದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಯಾರೂ ಆ ಮಾತೆತ್ತಲಿಲ್ಲ. ಅವನು ಡ್ರಿಲ್ಲಿನ ಗಂಟಲಿನಲ್ಲಿ ಒನ್, ಟೂ, ಒನ್, ಟೂ ಎನ್ನುತ್ತಾ ನೂಕಿದ. ತುದಿಗೆ ಬಂದಾಗ, “ಕ್ಲಚ್ ಬಿಡು!” ಎಂದು ಕೂಗಿದ. ಬಿಟ್ಟೆ. ಕಾರು ಒಮ್ಮೆ ಬಿಕ್ಕಳಿಸಿ ಕರಿ ಹೊಗೆ ಬಿಟ್ಟು ಎದ್ದಿತು. ಅವನು ಡಿಕ್ಕಿಯ ಮೇಲೆ ಎರಡು ಸಲ ದಬ್ ದಬ್ ಎಂದು ಬಡಿದ. ನಾನು ಹೋದೆ. ಹೊಸದುರ್ಗ ಬರುವವರೆಗೂ ಒಬ್ಬನೇ ನಗುತ್ತಿದ್ದೆ.

ಸೆಲ್ಫ್ ಇಲ್ಲದ ಕಾರನ್ನು ಇಟ್ಟುಕೊಂಡವನಿಗೆ ಊರುಗಳು ಬೇರೆ ರೀತಿ ಕಾಣುತ್ತವೆ. ಚಿತ್ರದುರ್ಗ ಇಂಥ ಕಾರಿಗೆಂದೇ ಆದ ಊರು. ಎಲ್ಲಿ ನಿಲ್ಲಿಸಿದರೂ ಒಂದಿಷ್ಟು ಜಾರು ಸಿಕ್ಕೇ ಸಿಗುತ್ತದೆ. ಹೊಸದುರ್ಗದಲ್ಲಿ ನನ್ನವು ಅಂತ ಮೂರು ಜಾಗಗಳಿದ್ದವು, ಅಲ್ಲಿ ಬೇರೆಯವರು ಗಾಡಿ ನಿಲ್ಲಿಸಿದರೆ ಹೊಟ್ಟೆ ಉರಿಯುತ್ತಿತ್ತು. ಹಿರಿಯೂರು ಮಾತ್ರ ಹಪ್ಪಳದಂತೆ ಸಮ. ಮಗಳನ್ನು ಹಿರಿಯೂರಿಗೆ ಕೊಟ್ಟಿದ್ದೇವೆ. ಅವಳ ಮನೆಗೆ ಹೋದರೆ ಎಂಜಿನ್ ಆರಿಸದೆ ಟೀ ಕುಡಿದು ಬರುತ್ತಿದ್ದೆ. ಒಮ್ಮೆ ಚಿಕ್ಕಜಾಜೂರಿನ ರೈಲ್ವೆ ಗೇಟಿನಲ್ಲಿ ಕೈ ತಪ್ಪಿ ಆರಿಸಿಬಿಟ್ಟೆ. ರೈಲು ಹೋಗಿ ಗೇಟು ತೆರೆದರೂ ನಾನು ಅಲ್ಲೇ. ಹಳಿಯ ಕೆಲಸದ ಗ್ಯಾಂಗಿನವರು ಬಂದು, ಹಳಿ ಸರಿಸುವಾಗ ಕೂಗುವ ಅದೇ ಐಸಾ ಕೂಗಿ, ನನ್ನನ್ನು ಸರ್ಕಾರಿ ಆಸ್ತಿಯಂತೆ ಆಚೆ ದಾಟಿಸಿದರು.

ಮೆಕ್ಯಾನಿಕ್ ಮೊದಲ ವಾರವೇ ಹೇಳಿದ್ದ: “ಸೆಲ್ಫಿನ ಕಾರ್ಬನ್ ಸವ್ದೈತೆ ಡಾಕ್ಟ್ರೇ, ಮತ್ತೇನಿಲ್ಲ. ಗಾಡಿ ಬಿಟ್ಟೋಗ್ರಿ, ಮಧ್ಯಾಹ್ನ ತಗಂಡೋಗ್ರಿ.”

ನಾನು ಬಿಟ್ಟುಹೋಗಲಿಲ್ಲ. ಈ ವಾರ ಲಸಿಕೆ ಹಾಕುವುದಿದೆ ಎಂದೆ. ಮುಂದಿನ ವಾರ ಅಮಾವಾಸ್ಯೆ ಎಂದೆ. ಅವನಿಗೆ ಇದು ಅರ್ಥವೇ ಆಗಲಿಲ್ಲ. “ಅರ್ಧ ದಿನದ ಕೆಲ್ಸಕ್ಕೆ ನಾಕು ವರ್ಷ ನೂಕಿಸ್ಕಂಡು ತಿರುಗೋರನ್ನ ನಾನು ನೋಡಿಲ್ಲ ಬಿಡ್ರಿ,” ಎನ್ನುತ್ತಿದ್ದ. ಅವನಿಗೆ ಹೇಗೆ ಹೇಳುವುದು? ಸೆಲ್ಫ್ ರಿಪೇರಿಯಾದರೆ ಅಣ್ಣ ಬೆಳಿಗ್ಗೆ ಹೊರಗೆ ಬರುವುದಕ್ಕೆ ಕಾರಣ ಉಳಿಯುವುದಿಲ್ಲ. ಆ ನೂಕುವ ಐದು ನಿಮಿಷ ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೇನೂ ಉಳಿದಿರಲಿಲ್ಲ. ಆ ಐದು ನಿಮಿಷದಲ್ಲೇ ನನಗೆ ಅವನ ಮೊಮ್ಮಗ ಪಾಸಾದದ್ದು, ಅವನ ಬೋರಿನಲ್ಲಿ ನೀರು ಬಿದ್ದದ್ದು ಎಲ್ಲ ಗೊತ್ತಾಗುತ್ತಿತ್ತು. ಎಲ್ಲವನ್ನೂ ಕಾರಿಗೆ ಹೇಳುತ್ತಿದ್ದ. ನನ್ನ ಸಕ್ಕರೆ ಕಾಯಿಲೆಯ ವಿಷಯ ನಾನೂ ಕಾರಿಗೇ ಹೇಳಿದ್ದೆ. ಮಾರನೆಯ ದಿನದಿಂದ ಗೋಡೆಯ ಮೇಲಿಂದ ಹಾಗಲಕಾಯಿ ಬರಲು ಶುರುವಾಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಎಂಟೂವರೆಯಾದರೂ ಅಣ್ಣ ಹೊರಗೆ ಬರಲಿಲ್ಲ. ಒಂಬತ್ತಾಯಿತು. ಕಾರಿನಲ್ಲೇ ಕೂತಿದ್ದೆ. ಹಾರನ್ ಮಾಡಿದರೆ ಕರೆದಂತಾಗುತ್ತದೆ, ಅದು ಕಟ್ಟಳೆಗೆ ವಿರುದ್ಧ. ಮನೆಯಾಕೆ ಗೋಡೆಯ ಕಡೆಯಿಂದ ಬಂದು, “ರಾತ್ರೀನೇ ಚಿತ್ರದುರ್ಗಕ್ಕೆ ಕರ್ಕಂಡೋಗ್ಯಾರಂತೆ. ಎದೆನೋವು,” ಎಂದಳು. ಕಾರು ಬಿಟ್ಟು ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಅವನ ಮಂಚದ ಕಾಲಿನ ಹತ್ತಿರ ನಿಂತೆ. ಅವನು ಕಣ್ಣು ಮುಚ್ಚಿದ್ದ. ಏನು ಮಾಡಬೇಕೋ ತೋಚದೆ, ರೂಢಿಯಂತೆ ಡ್ರಿಪ್ಪಿನ ನಳಿಗೆಯ ಮೇಲಿನ ಸಣ್ಣ ಗಾಲಿ ಮುಟ್ಟಿ ಹನಿ ಎಷ್ಟು ಬೀಳುತ್ತಿದೆ ನೋಡಿದೆ. ಕಣ್ಣು ಮುಚ್ಚಿಕೊಂಡೇ ಅವನು ಡ್ರಿಪ್ಪಿನ ಬಾಟಲಿಗೆ ಹೇಳಿದ: “ನಿಧಾನಕ್ಕೆ ಇಳಿಯಪ್ಪಾ. ಇದು ಎಮ್ಮೆ ಅಲ್ಲ.”

ಆ ಮಾತು ಕೇಳಿ ನನಗೆ ಅಳು ಬಂತು. ಹೊರಗೆ ಬಂದು ಅತ್ತೆ. ಕಾರಿಡಾರಿನಲ್ಲಿದ್ದವರೊಬ್ಬರು ಯಾರಾದರೂ ಹೋದರಾ ಎಂದು ಕೇಳಿದರು. ಇಲ್ಲ, ಇದ್ದಾರೆ ಎಂದೆ.

ನಾಲ್ಕನೆಯ ದಿನ ಅವನು ಮನೆಗೆ ಬಂದ. ಭಾರ ಎತ್ತಬಾರದು, ಏನನ್ನೂ ನೂಕಬಾರದು ಎಂದು ಡಾಕ್ಟರು ಹೇಳಿದ್ದಾರೆಂದು ಅತ್ತಿಗೆ ಗೋಡೆಯ ಮೇಲೆ ಹೇಳಿದರು. ಏನನ್ನೂ ಎಂದು ಡಾಕ್ಟರು ಹೇಳಿದ್ದೋ ಅತ್ತಿಗೆ ಸೇರಿಸಿದ್ದೋ ಗೊತ್ತಿಲ್ಲ. ಐದನೆಯ ದಿನ ಬೆಳಿಗ್ಗೆ ಎಂಟೂವರೆಗೆ ನಾನು ಬಸ್ಸಿಗೆ ಹೊರಟರೆ, ಅಣ್ಣ ತಲೆಗೆ ಟವೆಲ್ ಸುತ್ತಿಕೊಂಡು ನನ್ನ ಕಾರಿನ ಹಿಂದೆ ನಿಂತಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಕಾರಿಗೆ, “ಇವತ್ತು ಗಾಳಿ ಇಲ್ಲ ನಿನ್ನ ಟೈರಲ್ಲಿ, ಬ್ಯಾಡ,” ಎಂದು ಸುಳ್ಳು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಈಗ ಬೇರೆ ದಾರಿ ಇರಲಿಲ್ಲ. ತಾನಾಗಿ ಹೊರಡುವ ಕಾರು ನನಗೆ ಬೇಕಿತ್ತು. ಅಂಥ ಕಾರು ಬಂದ ದಿನ ಅಣ್ಣ ಒಳಗೇ ಉಳಿಯುತ್ತಾನೆ, ಅದೂ ಗೊತ್ತಿತ್ತು. ಅವನು ಬದುಕಿರಲಿ, ಮಾತಿಲ್ಲದಿದ್ದರೂ ಚಿಂತೆಯಿಲ್ಲ ಎಂದು ತೀರ್ಮಾನಿಸಿ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಅವನು ಬಿಚ್ಚಿ ನೋಡಿ ಕೈ ಒರೆಸಿಕೊಂಡ. “ಈಗ ಬಂದ್ರಾ? ಬರೀ ಕಾರ್ಬನ್ನಲ್ಲ ಈಗ, ಒಳಗೆ ಹಲ್ಲೂ ಹೋಗ್ಯಾವೆ. ಎಂಜಿನ್ ಆಯಿಲ್ ಕುಡೀತೈತೆ. ಇದ್ನ ಮಾರಿ ಪುಣ್ಯ ಕಟ್ಕಳ್ರಿ.”

ಎಲೆಕ್ಟ್ರಿಕ್ ತಗೋ ಎಂದವಳು ಮಗಳು. ನಾನು ಕೇಳಿದವರೆಲ್ಲ ಬೇಡ ಎಂದರು. ಒಬ್ಬರು ಬೆಂಕಿ ಹತ್ತುತ್ತದೆ ಎಂದರು, ಇನ್ನೊಬ್ಬರು ಬ್ಯಾಟರಿ ಸತ್ತರೆ ಕಾರಿಗಿಂತ ಅದರ ತಿಥಿಯೇ ದೊಡ್ಡದು ಎಂದರು. ನನ್ನ ಸಹೋದ್ಯೋಗಿಯೊಬ್ಬರು, ಹೊಸದುರ್ಗದ ಹಳ್ಳಿಗಳನ್ನು ಸುತ್ತಿ ವಾಪಸ್ ಬರುವಷ್ಟರಲ್ಲಿ ನಿಂತುಹೋದರೆ ಕ್ಯಾನಿನಲ್ಲಿ ಕರೆಂಟು ತರ್ತೀರಾ ಎಂದು ಕೇಳಿದರು. ಬಾಗೂರಿನ ಹತ್ತಿರ ಕುರಿಗಳಿಗೆ ಲಸಿಕೆ ಹಾಕುವಾಗ ಒಬ್ಬ ಕುರಿಗಾಹಿ ಹಿರಿಯರು ದೂರದ ಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ತೋರಿಸಿದರು.

“ಕರೆಂಟು ಅದ್ರಿಂದಲೇ ಅಲ್ಲೇನ್ರಿ ಬರೋದು? ಗಾಳಿ ನಿಂತ್ರೆ ನಿಮ್ಮ ಕಾರೂ ನಿಲ್ತೈತೇನು?”

“ಹಂಗೇನಿಲ್ಲಜ್ಜ. ತುಂಬಿಸ್ಕಂಡಿರ್ತೀವಿ.”

“ತ್ರೀ ಫೇಸ್ ಬೇಕಾ?”

“ಬ್ಯಾಡ. ಮನೆ ಪ್ಲಗ್ಗೇ ಸಾಕು.”

ಅವರು ತಮ್ಮ ಹಿಂಡಿನ ಕಡೆ ನೋಡಿ, “ಸದ್ದು ಮಾಡ್ತೈತಾ?” ಎಂದರು. ಇಲ್ಲ ಎಂದೆ. “ಹಂಗಾದ್ರೆ ನಮ್ಮ ಕುರಿ ದಾರಿ ಬಿಡಲ್ಲ ನೋಡ್ರಿ. ಅವು ನೋಡಿ ಸರಿಯಲ್ಲ, ಕೇಳಿ ಸರಿತಾವೆ,” ಎಂದರು. ಎಲ್ಲರೂ ಹೇಳಿದ ಅನುಮಾನಗಳಲ್ಲಿ ನಿಜವಾದದ್ದು ಇದೊಂದೇ ಎಂದು ಆಮೇಲೆ ಗೊತ್ತಾಯಿತು.

ಕಾರು ಬಂತು. ಹಳೆಯ ಕಾರಿನ ಡಬ್ಬಿಯಲ್ಲಿದ್ದ ಪುಸ್ತಕ, ಟಾರ್ಚು, ಆ ಕಾರ್ಡಿನ ಕಟ್ಟು ಎಲ್ಲವನ್ನೂ ಹೊಸದರ ಡಬ್ಬಿಗೆ ಹಾಕಿದೆ. ರಾತ್ರಿ ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕುವುದಕ್ಕೆ ನಮ್ಮ ಆಸ್ಪತ್ರೆಯಲ್ಲಿ ಗೊಟ್ಟ ಹಾಕುವುದು ಎಂದು ಹೆಸರು ಬಿತ್ತು. ದನಕ್ಕೆ ಔಷಧಿ ಕುಡಿಸಲು ಬಾಯಿಗೆ ಬಿದಿರಿನ ಗೊಟ್ಟ ಇಡುತ್ತೇವಲ್ಲ, ಅದೇ. ಕಾರು ಯಾವ ದನಕ್ಕಿಂತಲೂ ಶಾಂತವಾಗಿ ಕುಡಿಯುತ್ತಿತ್ತು.

ಮೊದಲ ದಿನ ಬೆಳಿಗ್ಗೆ ಎಂಟೂವರೆಗೆ ಕಾರಿನಲ್ಲಿ ಕೂತು ಬ್ರೇಕು ತುಳಿದು ಗುಂಡಿ ಒತ್ತಿದೆ. ಪರದೆಯಲ್ಲಿ ದೀಪ ಬಂತು. ಸದ್ದು ಬರಲಿಲ್ಲ, ಅದಕ್ಕೆ ಸದ್ದೇ ಇಲ್ಲ. ಹೊರಡಬೇಕು ಅನ್ನುವಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು. ಅಣ್ಣ ಟವೆಲ್ ಸುತ್ತಿಕೊಳ್ಳುತ್ತಾ ಬಂದು ಕಾರನ್ನು ಒಂದು ಸುತ್ತು ನೋಡಿದ.

“ಹೊಸದೂ ಹಂಗೇ ಐತಾ?” ಎಂದು ಅದನ್ನೇ ಕೇಳಿ, ಹಿಂದೆ ಹೋಗಿ ಅಂಗೈ ಊರಿದ.

ಇದು ಆನ್ ಆಗಿದೆ, ನೂಕಬೇಡ ಎಂದು ಹೇಳಬೇಕಿತ್ತು. ಅಷ್ಟು ಹೇಳುವುದಕ್ಕೆ ಅವನೊಡನೆ ಮಾತಾಡಬೇಕಿತ್ತು. ಕಾರಿಗೇ ಹೇಳಬಹುದಿತ್ತು ನಿಜ. ಆದರೆ ಹೇಳಿದರೆ ಅವನು ಒಳಗೆ ಹೋಗುತ್ತಾನೆ, ನಾಳೆ ಬರುವುದಿಲ್ಲ. ಅತ್ತಿಗೆ ಬಾಗಿಲಿಗೆ ಬಂದು ಸೆರಗು ಬಾಯಿಗಿಟ್ಟುಕೊಂಡರು. ಅವನ ತೋಳಿಗೆ ಭಾರ ಬೀಳುವ ಮೊದಲೇ ನಾನು ಆಕ್ಸಿಲರೇಟರನ್ನು ಉಗುರಿನಷ್ಟು ಒತ್ತಿದೆ. ಕಾರು ತಾನೇ ಸರಿಯಿತು. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಬಿದ್ದರೂ ಮಾತಾಡಿದಂತೆಯೇ ಎಂದು, ಎಂದಿನಂತೆ ನಾನು ಅದರತ್ತ ನೋಡಲಿಲ್ಲ. ಒನ್, ಟೂ, ಒನ್, ಟೂ. ತುದಿಯಲ್ಲಿ, “ಕ್ಲಚ್ ಬಿಡು!” ಎಂದ. ಬಿಡಲು ಕ್ಲಚ್ಚಿರಲಿಲ್ಲ. ಮರ್ಯಾದೆಗೆ ಎಡಗಾಲು ಎತ್ತಿ ಇಟ್ಟೆ.

ದಬ್ ದಬ್ ಎಂದು ಬಡಿದು, “ಹೊಸದು ಹಗುರ ಐತೆ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಸಂಜೆ ಮನೆಯಾಕೆ ಗೋಡೆಯ ಮೇಲೆ ಅತ್ತಿಗೆಗೆ ನಿಜ ಹೇಳಿದಳು. ಅತ್ತಿಗೆ ಅರ್ಧ ಗಂಟೆ ನಕ್ಕರಂತೆ. ಆಮೇಲೆ, “ಹೇಳಬ್ಯಾಡ್ರಮ್ಮ. ಅಷ್ಟು ನಡೆದ್ರೆ ಒಳ್ಳೇದು ಅಂದಾರೆ ಡಾಕ್ಟ್ರು,” ಎಂದರಂತೆ.

ಹೀಗೆ ಆ ಬೇಸಿಗೆ ಕಳೆಯಿತು. ಇಷ್ಟು ಸುಖವಾದ ಏರ್ಪಾಡು ನನ್ನ ಬದುಕಿನಲ್ಲಿ ಇನ್ನೊಂದು ಇರಲಿಲ್ಲ. ಅಣ್ಣನಿಗೆ ಶ್ರಮವಿಲ್ಲ, ನನಗೆ ಅಣ್ಣ ಇದ್ದ. ಸುಖವಿಲ್ಲದ್ದು ಕುರಿಗಳ ವಿಷಯದಲ್ಲಿ ಮಾತ್ರ. ಹೊಸದುರ್ಗದ ದಾರಿಯಲ್ಲಿ ಹಿಂಡು ಎದುರಾದರೆ ನನ್ನ ಕಾರು ಅವುಗಳ ಹಿಂದೆ ಅವುಗಳ ನಡಿಗೆಯಲ್ಲೇ ಹೋಗಬೇಕು. ಹಾರನ್ ಮಾಡಿದರೆ ನಾಲ್ಕು ದಿಕ್ಕಿಗೆ ಚೆದುರುತ್ತವೆ, ಮಾಡದಿದ್ದರೆ ನಾನಿದ್ದೇನೆ ಎಂದೇ ಗೊತ್ತಾಗುವುದಿಲ್ಲ. ಕೊನೆಗೆ ಗಾಜು ಇಳಿಸಿ ಹಳೆಯ ಕಾರಿನ ಸದ್ದನ್ನು ಬಾಯಲ್ಲಿ ಮಾಡುವುದನ್ನು ಕಲಿತೆ. ಡರ್ ಡರ್ ಎಂದರೆ ಸರಿಯುತ್ತವೆ. ನಿವೃತ್ತಿಗೆ ಎರಡು ವರ್ಷ ಇರುವ ಸರ್ಕಾರಿ ನೌಕರ ಮಾಡುವ ಕೆಲಸವಲ್ಲ, ಆದರೆ ಮಾಡಿದ್ದೇನೆ.

ಅಣ್ಣ ಸಂಜೆ ಜಗಲಿಯಲ್ಲಿ ಕೂತು ಚಾರ್ಜಿಗೆ ಹಾಕಿದ ವೈರನ್ನು ನೋಡುತ್ತಿದ್ದ. “ಏನಪ್ಪಾ, ಕುಡಿದ್ಯಾ ಗೊಟ್ಟ?” ಎಂದು ಕಾರನ್ನು ಕೇಳುತ್ತಿದ್ದ. ನಮ್ಮ ಆಸ್ಪತ್ರೆಯ ಮಾತು ಅವನ ಕಿವಿಗೆ ಹೇಗೆ ಬಿತ್ತು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಒಂದು ಶನಿವಾರ ಮಗಳು ತನ್ನ ಮಗುವಿನೊಡನೆ ಹಿರಿಯೂರಿನಿಂದ ಬಂದಿದ್ದಳು. ಕಾರಿನಲ್ಲಿ ಕೂತು ಪರದೆಯ ಮೇಲೆ ಏನೇನೋ ಒತ್ತಿದಳು. “ಅಪ್ಪ, ಹಿಂದಿನ ಕ್ಯಾಮೆರಾ ರಿವರ್ಸಿಗೆ ಮಾತ್ರ ಬರ್ತಿತ್ತು. ನಿಧಾನಕ್ಕೆ ಹೋಗುವಾಗ್ಲೂ ಕಾಣೋ ಹಂಗೆ ಮಾಡಿದೀನಿ. ನಿಂಗೆ ಕುತ್ತಿಗೆ ತಿರುಗಲ್ಲ,” ಎಂದಳು. ಅವಳು ಸಂಜೆಯ ಬಸ್ಸಿಗೆ ಹೋದಮೇಲೆ ನೋಡಿದರೆ ಮಗುವಿನ ಸ್ವೆಟರು ನಮ್ಮಲ್ಲೇ ಉಳಿದಿತ್ತು. ಮಾರನೆಯ ದಿನ ಭಾನುವಾರ, ಅದನ್ನು ಕೊಟ್ಟುಬರಲು ಹಿರಿಯೂರಿಗೆ ಹೊರಟೆ.

ಎಂಟೂವರೆ. ಅಣ್ಣ ಬಂದ, ಟವೆಲ್ ಸುತ್ತಿದ, ಹಿಂದೆ ಹೋದ. ನಾನು ಉಗುರಿನಷ್ಟು ಒತ್ತಿದೆ. ಒನ್, ಟೂ, ಒನ್, ಟೂ ಎಂದು ಗಂಟಲು ಕೇಳಿಸಿತು. ಪರದೆ ತಾನಾಗಿ ಹೊತ್ತಿಕೊಂಡು ಹಿಂದಿನದನ್ನೆಲ್ಲ ತೋರಿಸಿತು.

ಅಣ್ಣ ಕಾರಿನಿಂದ ನಾಲ್ಕು ಹೆಜ್ಜೆ ಹಿಂದೆ ಇದ್ದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ವಾಕಿಂಗಿಗೆ ಹೊರಟವನಂತೆ ಆರಾಮಾಗಿ ನಡೆಯುತ್ತಾ, ಆಚೆ ಈಚೆ ನೋಡುತ್ತಾ, ಭಾರ ನೂಕುವವನ ಗಂಟಲಿನಲ್ಲಿ ಒನ್, ಟೂ ಎನ್ನುತ್ತಿದ್ದ. ಕಸ ಗುಡಿಸುತ್ತಿದ್ದ ಎದುರು ಮನೆಯವರು ಅವನಿಗೆ ಕೈಮುಗಿದರು. ಅವನೂ ಒಂದು ಕೈ ಬಿಚ್ಚಿ ನಮಸ್ಕಾರ ಮಾಡಿ ಮತ್ತೆ ಕಟ್ಟಿಕೊಂಡ. ಓಣಿಗೆಲ್ಲ ಇದು ದಿನದ ನೋಟ ಎಂದು ಆಗ ತಿಳಿಯಿತು. ಗೊತ್ತಿಲ್ಲದವನು ನಾನೊಬ್ಬನೇ.

ತುದಿಗೆ ಬಂದೆವು. “ಕ್ಲಚ್ ಬಿಡು!” ಎಂದು ಕೂಗಿ, ಬೇಗ ಬೇಗ ನಾಲ್ಕು ಹೆಜ್ಜೆ ಹಾಕಿ ಬಂದು ಡಿಕ್ಕಿಯ ಮೇಲೆ ದಬ್ ದಬ್ ಎಂದು ಬಡಿದ. ನಾನು ಹೋಗಲಿಲ್ಲ. ಬ್ರೇಕ್ ತುಳಿದು ಟ್ರಾನ್ಸ್‌ಫಾರ್ಮರಿನ ಕೆಳಗೇ ನಿಂತೆ. ಅವನು ಸ್ವಲ್ಪ ಕಾದು ಮುಂದೆ ಬಂದ.

“ಯಾಕಪ್ಪಾ ನಿಂತ್ಕಂಡೆ? ಗೊಟ್ಟ ಸಾಲ್ದೇನು?” ಎಂದು ಬಾನೆಟ್ಟನ್ನು ಕೇಳಿದ.

ನಾನು ಗಾಜು ಇಳಿಸಿದೆ. “ಅಣ್ಣ,” ಎಂದೆ. ಎಂಟು ವರ್ಷ ಆಡದ ಮಾತು, ನನ್ನ ಕಿವಿಗೇ ಬೇರೆಯವರದಂತೆ ಕೇಳಿಸಿತು. “ಹಿರಿಯೂರಿಗೆ ಹೊಂಟೀನಿ, ಮಗಳ ಮನೆಗೆ. ಹತ್ತು, ಹೋಗಾಣ.”

ಅವನು ಬಾನೆಟ್ಟಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದ. ಮುಖ ಡ್ರಿಲ್ ಪೀರಿಯಡ್ಡಿನಲ್ಲಿ ತಪ್ಪು ಹೆಜ್ಜೆ ಹಾಕಿದವನನ್ನು ನೋಡುವ ಮುಖ.

“ಹಿಂಗೆ ಬೀದೀಲಿ ನಿಲ್ಸಿ ಕರೀತಾರೇನಲೇ? ಕರೆಯೋದಕ್ಕೆ ಒಂದು ರೀತಿ ನೀತಿ ಇಲ್ವಾ?”

ಲೇ ಎಂದದ್ದು ನನಗೆ. ಕಾರಿಗೆ ಅವನು ಯಾವತ್ತೂ ಲೇ ಎಂದವನಲ್ಲ, ಅಪ್ಪಾ ಎನ್ನುತ್ತಿದ್ದ.

ಡಬ್ಬಿ ತೆಗೆದೆ. ಕಟ್ಟಿನ ದಾರ ಮುಟ್ಟಿದ್ದೇ ಪುಡಿಯಾಯಿತು. ಮೇಲಿನ ಕಾರ್ಡಿನ ಮೂಲೆಗೆ ಹಚ್ಚಿದ್ದ ಅರಿಶಿನ ಕಂದು ಬಣ್ಣವಾಗಿತ್ತು. ಅದನ್ನು ತೆಗೆದುಕೊಂಡು ಕೆಳಗಿಳಿದು, ಚಪ್ಪಲಿ ಬಿಟ್ಟು, ಎರಡೂ ಕೈಯಿಂದ ಕೊಟ್ಟೆ. ಅವನು ಕನ್ನಡಕ ತಂದಿರಲಿಲ್ಲ. ತೋಳುದ್ದ ದೂರ ಹಿಡಿದು ಮೊದಲಿನಿಂದ ಓದಿದ. ದೇವರ ಹೆಸರು, ವಧುವರರು, ಛತ್ರ, ಊಟ. ಕೆಳಗಿನ ಪಟ್ಟಿಗೆ ಬಂದಾಗ ಅಲ್ಲೇ ಬಹಳ ಹೊತ್ತು ನಿಂತ. ಅಷ್ಟು ದಪ್ಪಕ್ಷರ ಓದುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

“ಮುಹೂರ್ತ ತಪ್ಪೋಯ್ತಲ್ಲಲೇ,” ಎಂದ.

“ತಪ್ಪಾಯ್ತಣ್ಣ,” ಎಂದೆ.

ಅವನು ಕಾರ್ಡನ್ನು ಮಡಚದೆ ಅಂಗಿಯ ಜೇಬಿಗೆ ಇಳಿಸಿದ. ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು ಹೆಗಲಿಗೆ ಹಾಕಿದ. ಕಾರನ್ನು ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಕೂತ. ಬೆಲ್ಟು ಎಳೆದುಕೊಂಡ, ಸೀಟನ್ನು ಎರಡು ಹಲ್ಲು ಹಿಂದೆ ಸರಿಸಿದ, ಎದುರಿನ ದಾರಿ ನೋಡಿದ.

“ಹೂಂ. ಕ್ಲಚ್ ಬಿಡು.”

“ಇದ್ಕೆ ಕ್ಲಚ್ಚಿಲ್ಲಣ್ಣ.”

“ಗೊತ್ತೈತೆ,” ಎಂದ. “ಬಿಡು.”